ಕಾಂಗೋ ಮಿಷನ್‌ಗೆ ಸೇವೆಗೆ ಹೊರಟಿದ್ದೀರಾ? ಹೋಗುವ ಮೊದಲು ಇದನ್ನು ಓದಿ

ಚಿಕ್ಕಮಗಳೂರು, ಹಾಸನದ ನಮ್ಮ ಧರ್ಮಕೇಂದ್ರಗಳಲ್ಲಿ ಒಂದೆರಡು ತಿಂಗಳ ಮಟ್ಟಿಗೆ ಆಫ್ರಿಕಾದ ಮಿಷನ್‌ಗೆ ಹೋಗಿ ಸೇವೆ ಮಾಡಬೇಕು ಅನ್ನುವ ಹುಡುಗ ಹುಡುಗಿಯರಿದ್ದಾರೆ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ನಿಲ್ಲಿಸಿ ಕೇಳುತ್ತಾರೆ. ಭಯ ಆಗಲ್ವಾ, ಊಟ ಹೇಗೆ, ಖರ್ಚೆಷ್ಟು. ಬೆಳಗ್ಗೆ ಎದ್ದರೆ ರಾತ್ರಿವರೆಗೆ ಅಲ್ಲಿ ಏನು ಮಾಡಬೇಕು, ನಮ್ಮಿಂದ ಯಾರಿಗೆ ಉಪಯೋಗ ಅಂತ ಕೇಳುವವರು ಕಡಿಮೆ. ಅದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

ನಾನು ಇದ್ದದ್ದು ಕಾಂಗೋದ ದಕ್ಷಿಣ ತುದಿಯ ಲುಬುಂಬಾಶಿ ಪಟ್ಟಣದ ಹೊರಗೆ, ಸಿಸ್ಟರ್‌ಗಳು ನಡೆಸುವ ಒಂದು ಶಾಲೆ ಮತ್ತು ಸಣ್ಣ ಆಸ್ಪತ್ರೆಯಲ್ಲಿ. ಹಾಗಾಗಿ ಮುಂದೆ ಬರೆದಿರುವ ಊಟ, ಭಾಷೆ, ಹವಾಮಾನ ಎಲ್ಲ ಆ ಕಡೆಯದು. ಕ್ಯಾಮರೂನ್, ಮಧ್ಯ ಆಫ್ರಿಕಾ ಗಣರಾಜ್ಯದ ಕಡೆ ಹೋಗುವವರಿಗೆ ಔಷಧ, ನೀರು, ನಡವಳಿಕೆಯ ಮಾತುಗಳು ಹೊಂದುತ್ತವೆ, ಉಳಿದದ್ದು ಬೇರೆ ಇರುತ್ತೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೀವು ಹೋಗುವ ಮೊದಲೂ ಆ ಮಿಷನ್ ಮನೆ ನಡೆಯುತ್ತಿತ್ತು, ನೀವು ವಾಪಸ್ ಬಂದ ಮೇಲೂ ನಡೆಯುತ್ತೆ. ಇಷ್ಟು ಕಮ್ಮಿ ದಿನಕ್ಕೆ ಹೋಗುವವರು ಅಲ್ಲಿನವರ ಮೇಲೆ ಹೊರೆ ಆಗದೆ ಇದ್ದರೆ ಅರ್ಧ ಸೇವೆ ಆದ ಹಾಗೆ. ಕಾಯಿಲೆ ಬಿದ್ದು ಹತ್ತು ದಿನ ಮಲಗಿದರೆ ನಿಮ್ಮನ್ನು ನೋಡಿಕೊಳ್ಳೋದು ಅದೇ ನರ್ಸ್, ಆಕೆಗೆ ಆಗಲೇ ವಾರ್ಡ್ ತುಂಬ ರೋಗಿಗಳಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಸ್ನಾನ, ಬಟ್ಟೆ, ಇಸ್ತ್ರಿ ಅಂತ ಇಷ್ಟೊಂದು ಇದೆ.

ಹೊರಡುವ ಮೊದಲು

ಕಾಂಗೋ ಅಂದರೆ ಎರಡು ದೇಶ. ಒಂದರ ರಾಜಧಾನಿ ಕಿನ್ಶಾಸಾ, ಇನ್ನೊಂದರದ್ದು ಬ್ರಾಜವಿಲ್, ನಡುವೆ ಒಂದೇ ನದಿ. ವೀಸಾ ಅರ್ಜಿ, ಟಿಕೆಟ್, ಕರೆದವರ ಪತ್ರ, ಮೂರರಲ್ಲೂ ಒಂದೇ ದೇಶ ಇದೆಯಾ ಅಂತ ಕೂತು ಓದಿ. ನಾನು ಹೇಳುತ್ತಿರುವುದು ಕಿನ್ಶಾಸಾ ಇರುವ ದೊಡ್ಡ ಕಾಂಗೋ. ಅಲ್ಲಿಗೆ ಕರೆದವರು ನಿಮ್ಮ ವಸತಿ, ಊಟದ ಜವಾಬ್ದಾರಿ ಹೊತ್ತು ಪತ್ರ ಕೊಡಬೇಕು, ಆ ಪತ್ರಕ್ಕೆ ಅಲ್ಲಿನ ಕಚೇರಿಯ ಮುದ್ರೆ ಬೀಳಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತೆ. ಸಿಸ್ಟರ್‌ಗಳೇ ಓಡಾಡಿ ಮಾಡಿಸಬೇಕಾದ್ದರಿಂದ ಕೊನೆ ಗಳಿಗೆಯಲ್ಲಿ ಅವಸರ ಮಾಡಬೇಡಿ.

ಎಲ್ಲಿಗೆ ಹೋಗಬಾರದು ಅನ್ನೋದೂ ಮುಖ್ಯ. 2025ರ ಜನವರಿಯಲ್ಲಿ ಪೂರ್ವದ ಗೋಮಾ ಪಟ್ಟಣ ಎಂ23 ಬಂಡುಕೋರರ ಕೈಗೆ ಹೋಯಿತು, ಮುಂದಿನ ತಿಂಗಳೇ ಬುಕಾವು ಕೂಡ. ಆ ಪೂರ್ವ ಭಾಗದ ಕಿವು, ಇತುರಿ ಪ್ರಾಂತ್ಯಗಳ ಕಡೆಗೆ ಯಾರು ಎಷ್ಟೇ ಪ್ರೀತಿಯಿಂದ ಕರೆದರೂ ಈಗ ಬೇಡ. ಲುಬುಂಬಾಶಿ ಅಲ್ಲಿಂದ ತುಂಬಾ ದೂರ, ಜಾಂಬಿಯಾ ಗಡಿಯ ಹತ್ತಿರ. ಆದರೂ ವಿದೇಶಾಂಗ ಇಲಾಖೆಯ ಸೂಚನೆ ಓದಿ, ಕಿನ್ಶಾಸಾದ ಭಾರತೀಯ ರಾಯಭಾರ ಕಚೇರಿಗೆ ಮಾಹಿತಿ ಕೊಟ್ಟು ಹೊರಡಿ.

ಯಾವ ತಿಂಗಳು? ಅಲ್ಲಿ ಶಾಲೆ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತೆ, ಜುಲೈ, ಆಗಸ್ಟ್ ದೊಡ್ಡ ರಜೆ. ಪಾಠ ಹೇಳಿಕೊಡಬೇಕು ಅಂತ ಜುಲೈನಲ್ಲಿ ಹೋದರೆ ಮಕ್ಕಳೇ ಇರಲ್ಲ. ನಮ್ಮ ಏಪ್ರಿಲ್, ಮೇ ರಜೆ ಸರಿಹೋಗುತ್ತೆ. ಮಳೆ ಆಗಷ್ಟೇ ನಿಂತಿರುತ್ತೆ, ದಾರಿ ಒಣಗಿರುತ್ತೆ. ಲುಬುಂಬಾಶಿ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಪೇಟೆಗಿಂತ ಸ್ವಲ್ಪ ಮೇಲೆಯೇ. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಹೋದವರು ಜೂನ್ ಬೆಳಗ್ಗೆ ನಡುಗುತ್ತಾರೆ, ಒಂದು ಸ್ವೆಟರ್ ಇರಲಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು, ನಮ್ಮ ಕಡೆಯವರು ಬೆಂಗಳೂರಿಗೆ ಹೋಗೋದು ವಾಸಿ. ಮೊದಲೇ ಫೋನ್ ಮಾಡಿ ಲಸಿಕೆ ಇದೆಯಾ, ಯಾವ ವಾರ ಹಾಕುತ್ತಾರೆ ಅಂತ ಕೇಳಿಕೊಂಡೇ ಬಸ್ ಹತ್ತಿ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. ಮೊಟ್ಟೆ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ ಡಾಕ್ಟರಿಗೆ ತಿಳಿಸಿ. ಅವರು ಕೊಡುವ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸ್ ತಳಕ್ಕೆ ಹಾಕಬೇಡಿ. ಅಲ್ಲಿ ಇಳಿದಾಗಲೂ ಕೇಳುತ್ತಾರೆ, ವಾಪಸ್ ಬೆಂಗಳೂರಲ್ಲಿ ಇಳಿದಾಗಲೂ ಕೇಳುತ್ತಾರೆ. ಇಲ್ಲದಿದ್ದರೆ ನಮ್ಮ ದೇಶದಲ್ಲೇ ನಿಮ್ಮನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಮಲೇರಿಯಾಕ್ಕೆ ಲಸಿಕೆ ಹಾಕಿಸಿಕೊಂಡು ಹೋಗೋದು ಅಂತಿಲ್ಲ, ಮಾತ್ರೆಯೇ ಗತಿ. ಅಲ್ಲಿನದು ಹೆಚ್ಚಾಗಿ ಫಾಲ್ಸಿಪ್ಯಾರಮ್ ಮಲೇರಿಯಾ, ಮಿದುಳಿಗೆ ಏರುವ ಜಾತಿ. ಹಳೇ ಕ್ಲೋರೋಕ್ವಿನ್ ಅದರ ಮುಂದೆ ನಡೆಯಲ್ಲ. ಡಾಕ್ಟರ್ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಹೋಗುವ ಒಂದೆರಡು ದಿನ ಮೊದಲು ಶುರು ಮಾಡಿ ದಿನಾ ಒಂದು ನುಂಗಬೇಕು, ಊಟದ ಜೊತೆ, ತುಂಬಾ ನೀರು ಕುಡಿದು. ನುಂಗಿದ ತಕ್ಷಣ ಮಲಗಬಾರದು, ಎದೆ ಉರಿ ಬರುತ್ತೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತೆ, ಟೋಪಿ ಬೇಕು.

ದುಡ್ಡು ಡಾಲರ್‌ನಲ್ಲಿ ಒಯ್ಯಿರಿ. ಕಾಂಗೋದಲ್ಲಿ ಡಾಲರ್ ಅಂಗಡಿಯಲ್ಲೂ ನಡೆಯುತ್ತೆ, ಆದರೆ ನೋಟಿನ ಅಂಚು ಒಂದು ಚೂರು ಹರಿದಿದ್ದರೂ ತಗೊಳ್ಳಲ್ಲ. ಬೆಂಗಳೂರಲ್ಲಿ ಕೊಳ್ಳುವಾಗ ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ನೋಡಿ, ಹೊಸದನ್ನೇ ಕೇಳಿ. ಅಲ್ಲಿ ಏರ್‌ಟೆಲ್ ಸಿಮ್ ಸಿಗುತ್ತೆ, ಅದೇ ಕೆಂಪು ಬೋರ್ಡಿನ ಕಂಪನಿ, ಆದರೆ ನಿಮ್ಮ ಇಲ್ಲಿನ ನಂಬರ್ ಹಾಗೇ ನಡೆಯಲ್ಲ. ಹೊಸ ಸಿಮ್ ತಗೊಂಡು ಸಿಸ್ಟರ್ ಕೈಲಿ ಹೆಸರು ನೋಂದಾಯಿಸಿಕೊಳ್ಳಿ.

ನೀರು

ಬೆಳಗ್ಗೆ ಐದಕ್ಕೆ ಮನೆ ಎದ್ದಿರುತ್ತೆ. ಆರಕ್ಕೆ ಪೂಜೆ, ಅದಕ್ಕೆ ಮೊದಲು ಸ್ನಾನ. ಈ ಸ್ನಾನದ ನೀರು ಎಲ್ಲಿಂದ ಬಂತು ಅಂತ ಮೊದಲ ದಿನವೇ ಹೋಗಿ ನೋಡಿ.

ಊರಿನ ನಲ್ಲಿ ಯಾವಾಗಲೋ ಬರುತ್ತೆ, ಬರದೇನೂ ಇರುತ್ತೆ. ಕರೆಂಟ್ ಹೋದರೆ ಬೋರ್ ಮೋಟಾರ್ ನಿಲ್ಲುತ್ತೆ. ಆಗ ಹಳದಿ ಪ್ಲಾಸ್ಟಿಕ್ ಕ್ಯಾನ್‌ಗಳು ಹೊರಡುತ್ತವೆ. ಅಡುಗೆ ಎಣ್ಣೆ ಬಂದಿದ್ದ 20 ಲೀಟರಿನ ಕ್ಯಾನ್, ತುಂಬಿದರೆ 20 ಕಿಲೋ. ಮುಚ್ಚಳ ಕಳೆದುಹೋದದ್ದಕ್ಕೆ ಎಲೆ ಮುದ್ದೆ ಮಾಡಿ ಬಾಯಿಗೆ ತುರುಕಿರುತ್ತಾರೆ. ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ಬಟ್ಟೆಯ ಸಿಂಬೆ ಸುತ್ತಿ ತಲೆ ಮೇಲಿಟ್ಟುಕೊಂಡು, ಕತ್ತು ಒಂದಿಷ್ಟೂ ಅಲ್ಲಾಡಿಸದೆ, ಕೆಂಪು ಮಣ್ಣಿನ ದಾರಿಯಲ್ಲಿ ನಡೆದು ಬರುತ್ತಾಳೆ, ಆಮೇಲೆ ಅವಳು ಶಾಲೆಗೆ ಹೋಗಬೇಕು. ನೀವು ಒಂದು ಬಕೆಟ್ ಜಾಸ್ತಿ ಸುರಿದುಕೊಂಡರೆ ಅವಳು ಒಂದು ಸಲ ಜಾಸ್ತಿ ನಡೆಯಬೇಕು. ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸೋದನ್ನು ಇಲ್ಲೇ ಮನೆಯಲ್ಲಿ ಒಂದು ವಾರ ಅಭ್ಯಾಸ ಮಾಡಿ. ಆ ಸೋಪಿನ ನೀರನ್ನು ಚೆಲ್ಲದೆ ಕಕ್ಕಸಿಗೆ ಬಳಸಿ. ಕೈಲಾದರೆ ಒಂದು ಕ್ಯಾನ್ ನೀವೂ ಹೊತ್ತು ತನ್ನಿ, ಬೇಡ ಅಂತಾರೆ, ಆದರೂ ಹೋಗಿ.

ಕುಡಿಯೋದು ಕುದಿಸಿ ಆರಿಸಿದ ನೀರು ಮಾತ್ರ. ಹಲ್ಲುಜ್ಜೋಕೂ ಅದೇ. ಒಂದು ದೊಡ್ಡ ಸ್ಟೀಲ್ ಬಾಟಲಿ ಮತ್ತು ಓಆರ್‌ಎಸ್ ಪೊಟ್ಟಣಗಳು ಇರಲಿ. ಕೆರೆ, ಸರೋವರ ಎಷ್ಟೇ ಚೆನ್ನಾಗಿ ಕಂಡರೂ ಇಳಿಯಬೇಡಿ, ಬಿಲ್‌ಹಾರ್ಜಿಯಾ ಕಾಯಿಲೆ ತರುವ ಹುಳ ಬರೀ ನೀರಲ್ಲಿ ನಿಂತರೂ ಚರ್ಮದ ಮೂಲಕ ಒಳಗೆ ಹೋಗುತ್ತೆ. ಬರಿಗಾಲಲ್ಲಿ ಓಡಾಡಬೇಡಿ, ಮಣ್ಣಲ್ಲಿರುವ ಚಿಗಟ ಕಾಲ್ಬೆರಳಿಗೆ ಕೊರೆದುಕೊಂಡು ಕೂರುತ್ತೆ.

ಬಟ್ಟೆ, ಇಸ್ತ್ರಿ

ಇದನ್ನು ಇಲ್ಲಿ ಯಾರೂ ಹೇಳಿಕೊಡಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಹೊರಗೆ ಒಣಹಾಕಿದ ಬಟ್ಟೆಯ ಮೇಲೆ ಅಲ್ಲಿ ಒಂದು ಜಾತಿ ನೊಣ ಮೊಟ್ಟೆ ಇಡುತ್ತೆ, ಮಾವಿನ ನೊಣ ಅಂತಾರೆ. ಆ ಬಟ್ಟೆ ಹಾಗೇ ತೊಟ್ಟರೆ ಮೈ ಬಿಸಿಗೆ ಮರಿ ಹೊರಬಂದು ಚರ್ಮದೊಳಗೆ ಹೋಗುತ್ತೆ. ಮೊದಲು ಸೊಳ್ಳೆ ಕಚ್ಚಿದ ಹಾಗೆ ಕೆಂಪಾಗುತ್ತೆ, ಆಮೇಲೆ ಕುರು ಏಳುತ್ತೆ, ಒಳಗೆ ಹುಳ ಇರುತ್ತೆ.

ಪರಿಹಾರ ಸುಲಭ, ತಪ್ಪಿಸಬಾರದು ಅಷ್ಟೇ. ಎಲ್ಲ ಬಟ್ಟೆಗೂ ಇಸ್ತ್ರಿ. ಶರ್ಟು, ಚೂಡಿದಾರ್ ಮಾತ್ರ ಅಲ್ಲ, ಒಳಉಡುಪು, ಕಾಲುಚೀಲ, ಟವೆಲ್, ದಿಂಬಿನ ಕವರ್ ಎಲ್ಲ. ಮೊಟ್ಟೆ ನಿಲ್ಲೋದು ಹೊಲಿಗೆಯ ಸಂದಿಯಲ್ಲಿ, ಸೊಂಟದ ಪಟ್ಟಿಯಲ್ಲಿ, ಲಾಡಿ ಹೋಗುವ ಜಾಗದಲ್ಲಿ. ಅಲ್ಲಿ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ತಿರುಗಿಸಿ ಒಳಗಡೆಯಿಂದಲೂ ಹಾಯಿಸಿ. ಕರೆಂಟ್ ನಂಬೋ ಹಾಗಿಲ್ಲ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇರುತ್ತೆ. ಒಲೆಯಿಂದ ಕೆಂಡ ತುಂಬಿ, ಬೂದಿ ಉದುರದಂತೆ ಮೊದಲು ಹೊರಗೆ ಒಂದು ಸಲ ಬೀಸಿ, ಹಳೇ ಬಟ್ಟೆಯ ಮೇಲೆ ಉಜ್ಜಿ ನೋಡಿ ಆಮೇಲೆ ಶುರು ಮಾಡಬೇಕು. ನೈಲಾನ್, ಸಿಂಥೆಟಿಕ್ ಬಟ್ಟೆ ಈ ಬಿಸಿಗೆ ಕರಗಿಹೋಗುತ್ತೆ, ಹತ್ತಿ ಬಟ್ಟೆಯನ್ನೇ ಒಯ್ಯಿರಿ. ನಿಮ್ಮ ಬಟ್ಟೆ ನೀವೇ ಒಗೆದು ನೀವೇ ಇಸ್ತ್ರಿ ಮಾಡಿ. ಅಡುಗೆ ಮನೆಯ ಅಮ್ಮ ತಾನು ಮಾಡುತ್ತೇನೆ ಅಂತ ಬಂದರೂ ಬಿಡಬೇಡಿ.

ಹೆಣ್ಣುಮಕ್ಕಳಿಗೆ ಚೂಡಿದಾರ್ ಚೆನ್ನಾಗಿ ನಡೆಯುತ್ತೆ. ಅಲ್ಲಿನ ಹೂಬಳ್ಳಿ ಚಿತ್ತಾರದ ಕಿತೆಂಗೆ ಬಟ್ಟೆ ಒಂದು ತಗೊಂಡು ಸೊಂಟಕ್ಕೆ ಸುತ್ತಿಕೊಂಡರೆ ಅಡುಗೆಮನೆ ಕೆಲಸಕ್ಕೂ ಆಗುತ್ತೆ, ನೆರೆಮನೆಗೆ ಹೋಗೋಕೂ ಆಗುತ್ತೆ. ಸೇವೆಗೆ ಬಂದವರು ಅಂತ ಹಳೇ, ಬಣ್ಣ ಹೋದ ಬಟ್ಟೆ ಹಾಕಿಕೊಂಡು ಪೂಜೆಗೆ ಹೋಗಬೇಡಿ. ಎಷ್ಟೇ ಬಡತನ ಇದ್ದರೂ ಭಾನುವಾರ ಅವರ ಶರ್ಟು ಗರಿಗರಿ, ಅಷ್ಟು ಧೂಳಿನಲ್ಲೂ ಷೂ ಹೊಳೆಯುತ್ತಿರುತ್ತೆ. ನಾವು ಹಾಗೇ ಹೋದರೆ ಅವರ ಚರ್ಚಿಗೆ ಮರ್ಯಾದೆ ಕೊಡಲಿಲ್ಲ ಅಂತಾಗುತ್ತೆ.

ಊಟ

ಹಾಸನದವರಿಗೆ ಇಲ್ಲಿ ಕಷ್ಟವೇ ಇಲ್ಲ. ಅಲ್ಲಿನ ಬುಕಾರಿ ನಮ್ಮ ಮುದ್ದೆಯ ಅಕ್ಕನೋ ತಂಗಿಯೋ ಇರಬೇಕು. ಮುಸುಕಿನ ಜೋಳದ ಹಿಟ್ಟು, ಕೆಲವು ಸಲ ಮರಗೆಣಸಿನ ಹಿಟ್ಟು ಬೆರೆಸಿ, ಕುದಿಯುವ ನೀರಿಗೆ ಹಾಕಿ ಮರದ ಕೋಲಲ್ಲಿ ತಿರುವುತ್ತಾರೆ. ಇದ್ದಿಲ ಒಲೆಯ ಮೇಲೆ ಪಾತ್ರೆ, ಅದನ್ನು ಎರಡು ಪಾದದಿಂದ ಒತ್ತಿ ಹಿಡಿದು ಎರಡೂ ಕೈಯಲ್ಲಿ ಕೋಲು. ಗಂಟಾಗದಂತೆ ತಿರುವೋದು ಗೊತ್ತಿದ್ದರೆ ಒಂದು ಸಲ ಕೋಲು ಕೇಳಿ ಇಸಿದುಕೊಳ್ಳಿ. ಅಡುಗೆಮನೆಯ ಹೆಂಗಸರೆಲ್ಲ ಬಂದು ನಿಂತು ನೋಡುತ್ತಾರೆ, ಅವತ್ತಿನಿಂದ ನೀವು ಮನೆಯವರು. ತಿನ್ನುವಾಗ ಬಲಗೈಯಲ್ಲಿ ಸಣ್ಣ ತುತ್ತು ಮುರಿದು, ಹೆಬ್ಬೆರಳಿಂದ ಒತ್ತಿ ಗುಳಿ ಮಾಡಿ, ಅದರಲ್ಲಿ ಪಲ್ಯ ಎತ್ತಿಕೊಳ್ಳಬೇಕು.

ಜೊತೆಗೆ ಸೊಂಬೆ. ಮರಗೆಣಸಿನ ಎಲೆಯನ್ನು ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟಿ, ತಾಳೆ ಎಣ್ಣೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಬೀನ್ಸ್ ಕಾಳು, ಒಣ ಮೀನು, ಆಡಿನ ಮಾಂಸ ಸಿಗುತ್ತೆ. ಲೆಂಗಲೆಂಗ ಅಂತ ಬಡಿಸೋದು ನಮ್ಮ ದಂಟಿನ ಸೊಪ್ಪಿನ ಜಾತಿಯದ್ದೇ. ಖಾರಕ್ಕೆ ಪಿಲಿಪಿಲಿ ಬೇರೆ ಇಡುತ್ತಾರೆ, ಚಿತ್ರಾನ್ನಕ್ಕೆ ಸಾಸಿವೆ ಸಿಡಿಸಿದ ವಾಸನೆ ಇಲ್ಲ ಅಂತ ಒಂದು ವಾರ ಬೇಜಾರಾಗುತ್ತೆ, ಆಮೇಲೆ ಹೋಗುತ್ತೆ. ಉಪ್ಪಿನಕಾಯಿ ಒಯ್ಯುವುದಾದರೆ ಹಂಚಿ ತಿನ್ನುವಷ್ಟು ಒಯ್ಯಿರಿ.

ಮರಗೆಣಸನ್ನು ನೀವೇ ಕಿತ್ತು ಸುಟ್ಟು ತಿನ್ನೋಕೆ ಹೋಗಬೇಡಿ. ಕಹಿ ಜಾತಿಯದರಲ್ಲಿ ಸಯನೈಡ್ ವಿಷ ಇರುತ್ತೆ. ಅಲ್ಲಿನ ಹೆಂಗಸರು ಅದನ್ನು ದಿನಗಟ್ಟಲೆ ನೀರಲ್ಲಿ ನೆನೆಹಾಕಿ, ಒಣಗಿಸಿ, ಆಮೇಲೆ ಹಿಟ್ಟು ಮಾಡುತ್ತಾರೆ. ಬರಗಾಲ, ಗಲಾಟೆ ಅಂತ ನೆನೆಯೋಕೆ ಬಿಡದೆ ತಿಂದ ಊರುಗಳಲ್ಲಿ ಕೊಂಜೋ ಅನ್ನುವ ಕಾಯಿಲೆ ಬಂದು ಮಕ್ಕಳ ಕಾಲು ಶಾಶ್ವತವಾಗಿ ಸೆಟೆದುಹೋಗಿದೆ.

ತಟ್ಟೆಯಲ್ಲಿ ಬಿಡಬೇಡಿ, ಕಡಿಮೆ ಹಾಕಿಸಿಕೊಳ್ಳಿ. ಅತಿಥಿಗೆ ಅಂತ ಕೋಳಿ ಕೊಯ್ಯುವ ಮನೆಯಲ್ಲಿ ಎಷ್ಟೋ ಸಲ ಮಕ್ಕಳು ಆಮೇಲೆ ಉಳಿದದ್ದು ತಿನ್ನುತ್ತಾರೆ. ಅದಕ್ಕೆ ಒಂದು ತುಂಡು ಸಾಕು ಅನ್ನಿ.

ಕೆಲಸ

ಏನು ಬರುತ್ತೋ ಅದನ್ನು ಮಾಡಿ, ಬಾರದ್ದನ್ನು ಮುಟ್ಟಬೇಡಿ. ಆಸ್ಪತ್ರೆಯ ವಿಷಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. 1976ರಲ್ಲಿ ಇದೇ ದೇಶದ ಉತ್ತರದ ಯಾಂಬುಕು ಎಂಬಲ್ಲಿ ಮಿಷನ್ ಆಸ್ಪತ್ರೆಯೊಂದಿತ್ತು, ಬೆಲ್ಜಿಯಂನ ಸಿಸ್ಟರ್‌ಗಳು ನಡೆಸುತ್ತಿದ್ದದ್ದು. ಸೂಜಿ ಸಾಕಾಗುತ್ತಿರಲಿಲ್ಲ, ಸರಿಯಾಗಿ ಕುದಿಸದೆ ಅದೇ ಸೂಜಿಯನ್ನು ಒಬ್ಬರಾದ ಮೇಲೆ ಒಬ್ಬರಿಗೆ ಚುಚ್ಚಿದರು. ಎಬೋಲಾ ಅಲ್ಲಿಂದ ಹರಡಿತು. 318 ಜನಕ್ಕೆ ತಗುಲಿ 280 ಜನ ಸತ್ತರು, ಸತ್ತವರಲ್ಲಿ ಸಿಸ್ಟರ್‌ಗಳೂ ಇದ್ದರು. ಅವರು ಒಳ್ಳೆಯ ಮನಸ್ಸಿನವರೇ, ಆದರೂ ಹೀಗಾಯಿತು. ನರ್ಸಿಂಗ್ ಓದದವರು ಇಂಜೆಕ್ಷನ್, ಗಾಯ, ಹೆರಿಗೆ ಕೋಣೆ ಯಾವುದಕ್ಕೂ ಕೈ ಹಾಕಬಾರದು. ನಮ್ಮೂರಿಂದ ತಂದ ಮಾತ್ರೆಗಳನ್ನು ಊರವರಿಗೆ ಹಂಚಲೂ ಬಾರದು, ಎಲ್ಲವನ್ನೂ ಆಸ್ಪತ್ರೆಯ ಔಷಧಿ ಕೋಣೆಗೆ ಕೊಟ್ಟುಬಿಡಿ.

ಹಾಗಾದರೆ ಏನು ಮಾಡೋದು? ಲೆಕ್ಕದ ಪುಸ್ತಕ ಸರಿಮಾಡಿ ಕಂಪ್ಯೂಟರಿಗೆ ಹಾಕಿಕೊಡಿ. ಹೊಲಿಗೆ ಮೆಷಿನ್ ರಿಪೇರಿ, ವೈರಿಂಗ್, ಸೋಲಾರ್ ಬ್ಯಾಟರಿ ನೋಡಿಕೊಳ್ಳೋದು ಬಂದರೆ ನಿಮ್ಮಂಥವರು ಬೇಕೇ ಬೇಕು. ಪಾಠ ಫ್ರೆಂಚ್‌ನಲ್ಲಿ ನಡೆಯುತ್ತೆ, ಫ್ರೆಂಚ್ ಬಾರದವರು ತರಗತಿಯ ಮುಂದೆ ನಿಲ್ಲೋದಕ್ಕಿಂತ ಸಂಜೆ ಗಣಿತದ ಲೆಕ್ಕ ಬಿಡಿಸಿಕೊಡೋದು, ಇಂಗ್ಲಿಷ್ ಮಾತಾಡಿಸೋದು ಒಳ್ಳೇದು.

ತೋಟದ ಮನೆಯಿಂದ ಬಂದವರು ತಮಗೇನೂ ಬರಲ್ಲ ಅಂದುಕೊಳ್ಳಬೇಡಿ. ಪಾಕೆಟ್ ತುಂಬಿ ಸಸಿ ಎಬ್ಬಿಸೋದು, ಗೊಬ್ಬರ ಗುಂಡಿ, ಎರೆಹುಳು ತೊಟ್ಟಿ, ನೆರಳು ಕಟ್ಟೋದು ನಮ್ಮ ಕಡೆಯ ಹುಡುಗರಿಗೆ ಕಣ್ಣುಮುಚ್ಚಿ ಬರುತ್ತೆ. ಸಿಸ್ಟರ್‌ಗಳ ಮನೆಗೆ ತರಕಾರಿ ಖರ್ಚು ದೊಡ್ಡದು, ಒಂದು ಒಳ್ಳೆಯ ಹಿತ್ತಿಲು ಎದ್ದರೆ ನೀವು ವಾಪಸ್ ಬಂದ ಮೇಲೂ ಹಾಸ್ಟೆಲ್ ಮಕ್ಕಳ ತಟ್ಟೆಗೆ ಸೊಪ್ಪು ಬೀಳುತ್ತೆ. ಬೀಜ ಮಾತ್ರ ಇಲ್ಲಿಂದ ಒಯ್ಯಬೇಡಿ, ಅಲ್ಲಿನದ್ದೇ ಬಳಸಿ. ನಮ್ಮ ತೋಟಗಳ ರೊಬಸ್ಟಾ ಕಾಫಿಯ ಮೂಲ ಕೂಡ ಮಧ್ಯ ಆಫ್ರಿಕಾದ ಕಾಡೇ. ನೂರು ವರ್ಷದಿಂದ ಎಷ್ಟೋ ಮನೆಗಳು ಇಲ್ಲಿ ಅದರಲ್ಲೇ ಬದುಕಿವೆ, ಅದನ್ನು ಅಲ್ಲಿನವರಿಗೆ ಹೇಳಿ, ತುಂಬಾ ಖುಷಿಪಡುತ್ತಾರೆ.

ಬೋಧನೆ ಮಾಡೋಕೆ ಬಂದಿದ್ದೇವೆ ಅನ್ನುವ ಭಾವನೆಯನ್ನು ಬೆಂಗಳೂರಲ್ಲೇ ಬಿಟ್ಟು ಹೋಗಿ. ಕಾಂಗೋ ನದಿಯ ಬಾಯಲ್ಲಿದ್ದ ರಾಜ್ಯದ ದೊರೆ ಜ್ಞಾನಸ್ನಾನ ಪಡೆದದ್ದು 1491ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವ ಮೊದಲು. ಅವರಿಗೆ ತಮ್ಮದೇ ಪುನೀತರಿದ್ದಾರೆ. 1964ರ ದಂಗೆಯಲ್ಲಿ ಪ್ರಾಣ ಕೊಟ್ಟ ಸಿಸ್ಟರ್ ಅನುವಾರಿತೆಯನ್ನು 1985ರಲ್ಲಿ ಪುನೀತೆ ಅಂತ ಘೋಷಿಸಿದರು. ತಮ್ಮದೇ ಪೂಜಾವಿಧಿಯೂ ಇದೆ, 1988ರಲ್ಲಿ ರೋಮ್ ಒಪ್ಪಿದ್ದು. ಅದರಲ್ಲಿ ಪಶ್ಚಾತ್ತಾಪದ ಪ್ರಾರ್ಥನೆ ಪ್ರಬೋಧನೆ ಆದ ಮೇಲೆ ಬರುತ್ತೆ, ಕಾಣಿಕೆಯನ್ನು ಕುಣಿಯುತ್ತಾ ತರುತ್ತಾರೆ, ಹಣ್ಣು, ಹಿಟ್ಟು, ಕೆಲವು ಸಲ ಜೀವಂತ ಕೋಳಿ. ಎರಡು ಮೂರು ಗಂಟೆ ಆಗುತ್ತೆ. ಗಡಿಯಾರ ನೋಡಬೇಡಿ, ಪಕ್ಕದವರು ಹೆಜ್ಜೆ ಹಾಕಿದ ಹಾಗೆ ಹಾಕಿ.

ಶೆಟ್ಟಿಹಳ್ಳಿಯ ಚರ್ಚ್ ನೋಡಿದ್ದೀರಲ್ವಾ, ಹೇಮಾವತಿ ಹಿನ್ನೀರಲ್ಲಿ ಮುಳುಗಿ ಏಳುವುದು? 1860ರ ದಶಕದಲ್ಲಿ ಅದನ್ನು ಕಟ್ಟಿಸಿದ ಫ್ರೆಂಚ್ ಮಿಷನರಿಗಳ ಥರದವರು ಬಂದ ದೇಶದಲ್ಲೇ ಬದುಕು ಕಳೆಯಲು ಬರುತ್ತಿದ್ದರು. ನಾವು ಹೋಗುವುದು ಕೆಲವೇ ವಾರಕ್ಕೆ. ಅಷ್ಟರಲ್ಲಿ ಅಲ್ಲಿನವರನ್ನು ತಿದ್ದಲು ಹೊರಡೋದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಜನರ ಜೊತೆ

ಏನು ಕೆಲಸ ಇದ್ದರೂ ಮೊದಲು ನಮಸ್ಕಾರ. ಅಂಗಡಿಗೆ ಹೋಗಿ ನೇರ ಸಕ್ಕರೆ ಎಷ್ಟು ಅಂತ ಕೇಳಿದರೆ ಒರಟು ಅನ್ನಿಸುತ್ತೆ. ಅಲ್ಲಿನವರ ಸ್ವಾಹಿಲಿ ಭಾಷೆಯಲ್ಲಿ ಜಾಂಬೋ (ನಮಸ್ಕಾರ), ಹಬಾರಿ (ಏನು ಸಮಾಚಾರ) ಅಂತ ಕೇಳಿ, ಮನೆಯವರು ಹೇಗಿದ್ದಾರೆ ಅಂತ ಕೇಳಿ, ಆಮೇಲೆ ಸಕ್ಕರೆ. ಥ್ಯಾಂಕ್ಸ್‌ಗೆ ಅಕ್ಸಾಂತಿ. ದೊಡ್ಡವರನ್ನು ಪಾಪಾ, ಮಾಮಾ ಅನ್ನದೆ ಬರೀ ಹೆಸರಿಂದ ಕರೆಯಬೇಡಿ. ಹಿರಿಯರಿಗೆ ಕೈಕೊಡುವಾಗ ಎಡಗೈಯಿಂದ ನಿಮ್ಮ ಬಲ ಮೊಣಕೈ ಹಿಡಿದುಕೊಳ್ಳಿ, ಅದು ಗೌರವ.

ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್, ಪೆನ್ನು, ಚಿಲ್ಲರೆ ಹಂಚಬೇಡಿ. ಮರುದಿನ ಗೇಟ್ ಮುಂದೆ ನೂಕುನುಗ್ಗಲು, ಸಣ್ಣವರು ಬೀಳುತ್ತಾರೆ, ನೀವು ವಾಪಸ್ ಬಂದ ಮೇಲೆ ಸಿಸ್ಟರ್ ಅದನ್ನು ಎದುರಿಸಬೇಕು. ಏನೇ ಕೊಡುವುದಿದ್ದರೂ ಸಿಸ್ಟರ್ ಕೈಗೆ ಕೊಡಿ, ಸಾಧ್ಯ ಇದ್ದರೆ ಅಲ್ಲಿನ ಅಂಗಡಿಯಲ್ಲೇ ಕೊಂಡು ಕೊಡಿ, ಅಲ್ಲಿನ ಹೊಲಿಗೆಯವನಿಗೂ ಕೆಲಸ ಸಿಗುತ್ತೆ.

ಫೋಟೋ ವಿಷಯದಲ್ಲಿ ಬಹಳ ಜೋಪಾನ. ಏರ್‌ಪೋರ್ಟ್, ಸೇತುವೆ, ಪೊಲೀಸ್, ಸೈನಿಕ, ಸರ್ಕಾರಿ ಕಟ್ಟಡ, ಗಣಿ ಯಾವುದಕ್ಕೂ ಮೊಬೈಲ್ ಎತ್ತಬೇಡಿ, ಹಿಡಿದು ಕೂರಿಸುತ್ತಾರೆ, ಬಿಡಿಸಿಕೊಂಡು ಬರಲು ಫಾದರ್ ಒಂದು ದಿನ ಕಳೆಯಬೇಕು. ಜನರ ಫೋಟೋ ಕೇಳಿ ತೆಗೆಯಿರಿ. ಬೆಲ್ಜಿಯಂ ದೊರೆ ಲಿಯೊಪಾಲ್ಡ್ ರಬ್ಬರಿಗಾಗಿ ಈ ದೇಶವನ್ನು ಹಿಂಡಿದಾಗ, ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಹೆಂಗಸು 1904ರಲ್ಲಿ ತೆಗೆದ ಒಂದು ಚಿತ್ರ ಇದೆ. ಒಬ್ಬ ತಂದೆ ತನ್ನ ಪುಟ್ಟ ಮಗಳ ಕತ್ತರಿಸಿದ ಕೈ ಕಾಲಿನ ಮುಂದೆ ಕೂತಿದ್ದಾನೆ. ಅಂಥ ಚಿತ್ರಗಳು ಆ ಅನ್ಯಾಯವನ್ನು ಜಗತ್ತಿಗೆ ತೋರಿಸಿ 1908ರಲ್ಲಿ ದೊರೆಯ ಕೈಯಿಂದ ದೇಶ ತಪ್ಪಿಹೋಗಲು ನೆರವಾದವು. ಕ್ಯಾಮರಾ ಅಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದೆ. ನಾವು ಸುಮ್ನೆ ಸ್ಟೇಟಸ್‌ಗೆ ಅಂತ ಹರಿದ ಅಂಗಿಯ ಮಗುವನ್ನು ಪಕ್ಕ ನಿಲ್ಲಿಸಿಕೊಳ್ಳೋದು ಬೇಡ. ಮಗುವಿನ ತಾಯಿ ಕೇಳಿದರೆ ತೆಗೆದು, ಪಟ್ಟಣದಲ್ಲಿ ಪ್ರಿಂಟ್ ಹಾಕಿಸಿ ಅವಳ ಕೈಗೇ ಕೊಡಿ.

ಆರು, ಆರೂವರೆಗೆಲ್ಲ ಕತ್ತಲು. ಮಲೇರಿಯಾ ಸೊಳ್ಳೆ ಕಚ್ಚೋದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಅಷ್ಟರಲ್ಲಿ ಉದ್ದ ತೋಳಿನ ಬಟ್ಟೆ, ಕಾಲುಚೀಲ ಹಾಕಿಕೊಂಡಿರಿ. ಒಬ್ಬೊಬ್ಬರೇ ಹೊರಗೆ ಹೋಗಬೇಡಿ. ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸುತ್ತಲೂ ಸಿಕ್ಕಿಸಿ, ಟಾರ್ಚ್ ಹಾಕಿ ಒಳಗೆ ಸೊಳ್ಳೆ ಇಲ್ಲ ಅಂತ ನೋಡಿ ಮಲಗಿ. ತೂತಿದ್ದರೆ ಸೂಜಿ ದಾರದಲ್ಲಿ ಹೊಲಿಯಿರಿ. ಮನೆಗೆ ಫೋನ್ ಮಾಡೋದಾದರೆ ನಮ್ಮ ಸಮಯ ಅಲ್ಲಿಗಿಂತ ಮೂರೂವರೆ ಗಂಟೆ ಮುಂದೆ, ಅಲ್ಲಿ ಎಂಟಾದರೆ ಇಲ್ಲಿ ಅಮ್ಮ ಮಲಗಿ ಹೊತ್ತಾಗಿರುತ್ತೆ.

ವಾಪಸ್ ಬಂದ ಮೇಲೆ

ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಊರಿಗೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಬೇರೆ ಮಾತ್ರೆಯಾದರೆ ಲೆಕ್ಕ ಬೇರೆ, ಡಾಕ್ಟರ್ ಹೇಳಿದಷ್ಟು ದಿನ. ಮನೆಗೆ ಬಂದ ಖುಷಿಯಲ್ಲಿ ನಿಲ್ಲಿಸಿಬಿಡುವವರೇ ಜಾಸ್ತಿ. ಮುಂದಿನ ಕೆಲವು ತಿಂಗಳಲ್ಲಿ ಯಾವತ್ತೇ ಜ್ವರ ಬಂದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಕಾಂಗೋದಿಂದ ಬಂದಿದ್ದೇನೆ ಅಂತ ಮೊದಲ ಮಾತಲ್ಲೇ ಹೇಳಿ, ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಮಳೆಗಾಲದ ಜ್ವರ ಅಂದರೆ ಡೆಂಗಿ, ವೈರಲ್ ಅಂತಲೇ ಮೊದಲು ನೋಡುತ್ತಾರೆ. ಫಾಲ್ಸಿಪ್ಯಾರಮ್ ಒಂದೇ ದಿನದಲ್ಲಿ ಕೈಮೀರಬಹುದು. ಮೊದಲ ಪರೀಕ್ಷೆಯಲ್ಲಿ ಇಲ್ಲ ಅಂತ ಬಂದು ಜ್ವರ ಬಿಡದಿದ್ದರೆ ಮರುದಿನ ಮತ್ತೆ ಮಾಡಿಸಿ. ಮನೆಯವರಿಗೂ ಈ ಮಾತು ಹೇಳಿಟ್ಟಿರಿ, ಜ್ವರ ಏರಿದಾಗ ನಿಮಗೇ ಹೇಳೋಕೆ ಆಗದೆ ಇರಬಹುದು.